ಕೋಟಿ ದಂಡಿನ ರಾಜ

ಹುಲಿಹೈದರದ ಗಿಡ್ಡಪ್ಪ ತೀರಿಹೋಗಿ ಬಹಳ ದಿನವಾಗಿಲ್ಲ. ಅವನ ಮಾತು ಬಂದರೆ ಆ ಒಂದು ಬಯಲಾಟವೇ ಕಣ್ಣಮುಂದೆ ಬರುತ್ತದೆ. ಬದುಕಿದ್ದಷ್ಟು ದಿನ ಅವನು ಒಂದು ಕಡೆ ಕೂತವನಲ್ಲ. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವುದು ಅವನ ಕಸುಬು. ಬಯಲಾಟದ ರಾಜನ ಪಾತ್ರ ಅವನ ಪ್ರಾಣ.

ಆ ರಾಜನಿಗೆ ಮೊದಲಿದ್ದುದು ಹತ್ತು ಸಾವಿರ ಮಂದಿಯ ದಂಡು. ಆದರೆ ಆಟ ಕರೆಸಿದ ಊರಿನವರೆಲ್ಲ ಹಿಂದಿನ ಊರಿಗಿಂತ ತಮ್ಮಲ್ಲಿ ದಂಡು ಹೆಚ್ಚಿರಬೇಕೆಂದು ಹಟ ಹಿಡಿಯುವುದು ರೂಢಿ. ಕನಕಗಿರಿಯಲ್ಲಿ ಅದು ಲಕ್ಷವಾಯಿತು, ಕುಷ್ಟಗಿ ಮುಟ್ಟುವಷ್ಟರಲ್ಲಿ ಕೋಟಿ. ಜರ್ಮನಿ ಯುದ್ಧದ ಸುದ್ದಿ ಬರುತ್ತಿದ್ದ ವರ್ಷ ಅದು. ಒಂದು ದಿನ ಬಾವಿಯ ತಳ ನೋಡುತ್ತ ನಿಂತ ಗಿಡ್ಡಪ್ಪನಿಗೆ ತಳಮಳ ಹತ್ತಿತು. ಅಷ್ಟು ಮಂದಿ ಊರ ಕೆರೆಯ ದಂಡೆಯಲ್ಲಿ ಬೀಡುಬಿಟ್ಟರೆ ಕುಡಿಯುವುದೇನನ್ನು? ಅಂದಿನಿಂದ ತಾಲೀಮಿನಲ್ಲಿ ಕೋಟಿ ದಂಡು ಎಂಬ ಮಾತು ಅವನ ಬಾಯಿಂದ ಹೊರಡಲಿಲ್ಲ.

"ಕುದುರಿ ಬ್ಯಾರೆ ಅದಾವು. ನಮ್ಮ ಕೆರಿ ಒಂದ್ ಹೊತ್ತಿಗೂ ಸಾಲಂಗಿಲ್ಲ" ಎಂದ, ಮೇಳದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವ ಗೆಳೆಯ ಮದಾರಸಾಬನಿಗೆ.

"ನಿನ್ನ ರಾಜ್ಯದಾಗ ಮಳಿ ಛಲೋ ಆಗೇತಿ ಅನ್ಕೋ. ಆಟ ಅದು, ಗಿಡ್ಡ್ಯಾ."

"ಆಟ ಖರೆ. ಹೇಳಾಂವ ನಾನಲ್ಲೇನು?"

ಮೇಳದ ಯಜಮಾನ ಹುಚ್ಚೀರಪ್ಪ ಕಡ್ಡಿ ಮುರಿದಂತೆ ಹೇಳಿದ: "ಕೋಟಿ ಅಂದ್ರ ಕಿರೀಟ ನಿಂದು. ಇಲ್ಲಾಂದ್ರ ಬಿಚ್ಚಿಡು."

ಮುಂದಿನ ಆಟ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ಗಿಡ್ಡಪ್ಪ ನಿಂತಲ್ಲಿ ನಿಲ್ಲದೆ ರಂಗದ ತುಂಬ ಸುತ್ತಿದ. ಕೊನೆಗೆ, "ನನ್ನ ದಂಡು ಇನ್ನೂರು ಮಂದಿ" ಎಂದ.

"ನಮ್ಮ ಮನಿ ಲಗ್ನಕ್ಕ ಇದಕ್ಕಿಂತ ಹೆಚ್ಚು ಮಂದಿ ಉಂಡಾರಲೇ" ಎಂದು ಒಬ್ಬ ಕೂಗಿದ. ಜನ ನಕ್ಕರು.

ಗಿಡ್ಡಪ್ಪ ಎದುರು ಕೂತವರ ಹೆಸರು ಕೇಳಿ ಕೇಳಿ ಅವರನ್ನೇ ದಂಡಿಗೆ ಕರೆಯತೊಡಗಿದ. ಈಟಿ ಹಿಡಿಯಲು ಕೊಟ್ರಪ್ಪ, ಕುದುರೆ ಏರಲು ಉಮರಸಾಬ. ನಗು ನಿಂತಿತು. ಕಳಕಮ್ಮ ಎಂಬ ನಡುವಯಸ್ಸಿನ ಹೆಂಗಸು ಎದ್ದು ನಿಂತಳು.

"ನನ್ನ ತಮ್ಮನ್ನ ಯಾಕ ಬಿಟ್ಟೆಪಾ?"

"ಎಲ್ಲದಾನ ಯವ್ವಾ?"

"ಫೌಜಿಗೆ ಹೋಗ್ಯಾನ. ಸುದ್ದಿನ ಇಲ್ಲ."

ಗಿಡ್ಡಪ್ಪ ಅವನನ್ನೂ ಸೇರಿಸಿದ. ಆಮೇಲೆ ಯಾರೂ ಕೂತಿರಲಿಲ್ಲ. ನನ್ನ ಮಗ, ನನ್ನ ಅಳಿಯ, ಮೊನ್ನೆ ಬೇನೆಯಲ್ಲಿ ಹೋದ ನಮ್ಮಪ್ಪ ಎಂದು ಒಬ್ಬೊಬ್ಬರೂ ತಮ್ಮವರನ್ನು ಸೇರಿಸಿದರು. ಎಣಿಕೆ ಇನ್ನೂರನ್ನು ಯಾವಾಗಲೋ ದಾಟಿತು. ಆಟದ ಕಾಳಗ ಶುರುವಾಗಲೇ ಇಲ್ಲ.

ಪರದೆಯ ಮರೆಯಲ್ಲಿ ಹುಚ್ಚೀರಪ್ಪ ಕೈ ಚಾಚಿ ನಿಂತಿದ್ದ. ಗಿಡ್ಡಪ್ಪ ಒಳಹೋಗಿ ಕಿರೀಟ ಬಿಚ್ಚಿ ಕೊಟ್ಟ. ಸಾಯುವ ತನಕ ಅದು ಮತ್ತೆ ಅವನ ತಲೆಗೆ ಬರಲಿಲ್ಲ. ಬರಿದಲೆಯಲ್ಲೇ ಅವನು ರಂಗಕ್ಕೆ ಮರಳಿದ, ಏಕೆಂದರೆ ಕಳಕಮ್ಮ ಇನ್ನೂ ಕೇಳುತ್ತಿದ್ದಳು: "ನನ್ನ ತಮ್ಮನ್ನ ಮುಂದ ನಿಲ್ಲಿಸ್ತೀಯೇನಪಾ, ಹಿಂದೋ?"

"ಇವತ್ತ ಕಾಳಗ ಇಲ್ಲ ಯವ್ವಾ" ಎಂದ ಗಿಡ್ಡಪ್ಪ.