ಒಂದು ಸಣ್ಣ ಡೌಟು

ಧಾರವಾಡದ ಕಾಲೇಜಿನಲ್ಲಿ ಡೌಟು ಎಂದರೆ ಪ್ರಶ್ನೆ. ಪಾಠ ಮುಗಿದ ಮೇಲೆ ಎದ್ದು ನಿಂತು ‘ಸರ್, ಒಂದು ಡೌಟು’ ಎಂದವಳನ್ನು ಜಾಣೆ ಎನ್ನುತ್ತಿದ್ದರು. ಆ ಡೌಟನ್ನು ನಾನು ಶೇಂಗಾ ಚಟ್ನಿಯ ಜೊತೆ ಲಂಡನ್ನಿಗೂ ಕಟ್ಟಿಕೊಂಡು ಬಂದೆ.

ತೊಂಬತ್ತರ ದಶಕದ ಕೊನೆ. ಹೊಸ ಶತಮಾನ ಬಂದರೆ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆಂದು ಎಲ್ಲ ಕಡೆ ಹಳೆಯ ಪ್ರೋಗ್ರಾಮುಗಳನ್ನು ತಿದ್ದಿಸುತ್ತಿದ್ದರು. ಮನೆಯಿದ್ದ ಕಿಂಗ್ಸ್‌ಬರಿಯಿಂದ ಟ್ಯೂಬು ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬಂದು, ನಮ್ಮ ಆಫೀಸಿನ ಅತಿ ದೊಡ್ಡ ಪ್ರೋಗ್ರಾಮನ್ನು ನಾನೊಬ್ಬಳೇ ತಿದ್ದಿ ಮುಗಿಸಿದ್ದೆ. ತಂಡದ ಲೀಡ್ ಜಾಗ ಖಾಲಿ ಇತ್ತು. ಅದು ನನಗೇ ಎಂದು ನಂಬಿದ್ದೆ. ಮ್ಯಾನೇಜರ್ ಇಂಗ್ಲಿಷ್ ಹೆಂಗಸು. ಕೆಲಸ ಮುಗಿಯಿತೆಂದು ಆಕೆಗೆ ವರದಿ ಬರೆದು, ಕೊನೆಯಲ್ಲಿ ತಾರೀಖಿನ ಬಗ್ಗೆ ನನಗೊಂದು ಡೌಟಿದೆ ಎಂದು ಸೇರಿಸಿದೆ. ಪರದೆಯ ಮೇಲೆ ದಿನ ಮೊದಲು ಬರಬೇಕೋ ತಿಂಗಳೋ ಎಂದು ಕೇಳುವುದಿತ್ತು, ಅಷ್ಟೇ.

ಆಕೆ ಓದಿಕೊಂಡದ್ದು ಬೇರೆ: ಬರೆದವಳಿಗೇ ಇದರ ಮೇಲೆ ನಂಬಿಕೆಯಿಲ್ಲ. ಪ್ರೋಗ್ರಾಮನ್ನು ತಡೆದು ಬೇರೆಯವರಿಂದ ಮತ್ತೆ ಪರೀಕ್ಷೆ ಮಾಡಿಸಿದಳು. ಒಂದು ತಪ್ಪೂ ಸಿಗಲಿಲ್ಲ. ಅಷ್ಟರಲ್ಲಿ ಲೀಡ್ ಜಾಗ ಪಕ್ಕದ ಮೇಜಿನವನಿಗೆ ಹೋಗಿತ್ತು. ಅವನ ಕೋಡು ಅಷ್ಟಕ್ಕಷ್ಟೇ, ವರದಿ ಮಾತ್ರ ಸುಲಿದ ಬಾಳೆಹಣ್ಣು.

ನಿನ್ನ ಕೋಡು ಓದುವವರು ಇಲ್ಲಿ ಇಬ್ಬರೋ ಮೂವರೋ, ನಿನ್ನ ವರದಿ ಓದುವವರು ಎಲ್ಲರೂ ಎಂದು ಆಕೆ ಮೆಲ್ಲಗೇ ಹೇಳಿದಳು. ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ದಣಿವು. ಸಂಸಾರ, ಟ್ಯೂಬು, ಆಫೀಸು ಸಾಲದೆಂದು ಈ ವಯಸ್ಸಿನಲ್ಲಿ ಮತ್ತೆ ಅಕ್ಷರಾಭ್ಯಾಸ ಬೇರೆ ಮಾಡಬೇಕೇ?

ಮಾಡಿದೆ. ಚಪಾತಿ ಲಟ್ಟಿಸುತ್ತ ನನ್ನ ವರದಿಗಳನ್ನು ಮಗಳ ಕೈಲಿ ಓದಿಸುತ್ತಿದ್ದೆ. ‘ಬದಲಾಯಿಸಲಾಗಿದೆ’ ಎಂಬಂಥ ಸರಕಾರಿ ಧಾಟಿಯ ಸಾಲು ಬಂದರೆ ನಿಲ್ಲಿಸಿ, “ಅಮ್ಮಾ, ಹೂ ಚೇಂಜ್ಡ್ ಇಟ್?” ಎನ್ನುತ್ತಿದ್ದಳು. ನಾನೇ ಎಂದರೆ, ಮತ್ತೆ ‘ನಾನು ಬದಲಾಯಿಸಿದೆ’ ಅಂತಲೇ ಬರೆಯಬೇಕಪ್ಪ ಎಂದು ಇಂಗ್ಲಿಷಿನಲ್ಲೇ ಗದರುತ್ತಿದ್ದಳು. ಇಲ್ಲಿ ಹುಟ್ಟಿದ ಅವಳಿಗೆ ಡೌಟು ಬರುವುದೇ ಇಲ್ಲ, ಕ್ವೆಶ್ಚನ್ ಬರುತ್ತದೆ.

ಕೆಲವು ವರ್ಷಗಳ ಮೇಲೆ ಆ ಜಾಗ ಮತ್ತೆ ಖಾಲಿಯಾಗಿ ನನಗೆ ಸಿಕ್ಕಿತು. ಕುಣಿದಾಡುವ ಶಕ್ತಿ ಉಳಿದಿರಲಿಲ್ಲ. ಧಾರವಾಡಕ್ಕೆ ಫೋನು ಮಾಡಿ ಅವ್ವನಿಗೆ ಹೇಳಿದೆ.

“ಸಿಗತದಂತ ನಮಗ ಮೊದಲಽ ಗೊತ್ತಿತ್ತು,” ಎಂದಳು ಅವ್ವ. “ನಿನಗೇನರ ಡೌಟ್ ಇತ್ತೇನು?”

“ನನಗಿರಲಿಲ್ಲವ್ವ, ಅವರಿಗಿತ್ತು,” ಎಂದೆ. “ನಾನಽ ಬರದು ಕೊಟ್ಟಿದ್ದೆ.”