ಅಣ್ಣನ ಪಾಲಿನ ಬೆಲ್ಲ

ಅಣ್ಣ ಕೆಲಸ ಮಾಡುತ್ತಿದ್ದ ಪೀಣ್ಯದ ಕಾರ್ಖಾನೆಯಲ್ಲಿ ಸಂಜೆ ಶಿಫ್ಟ್ ಮುಗಿಯುವಾಗ ಕೆಲವರಿಗೆ ಒಂದೊಂದು ಉಂಡೆ ಬೆಲ್ಲ ಕೊಡುತ್ತಿದ್ದರು. ಲೇತ್ ನಡೆಸುವವರಿಗೆ ಇರಲಿಲ್ಲ, ಪ್ಯಾಕಿಂಗ್‌ನವರಿಗೆ ಇರಲಿಲ್ಲ, ಗೇಟಿನ ವಾಚ್‌ಮನ್‌ಗೂ ಇರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಮರಳಿನ ಕೆಲಸ ಮಾಡುವವರಿಗೆ ಮಾತ್ರ. ಎರಕ ಹೊಯ್ದ ಕಬ್ಬಿಣದ ಸಾಮಾನು ಅಚ್ಚಿನಿಂದ ಬರುವಾಗ ಒರಟಾಗಿರುತ್ತದೆ. ಪೈಪಿನಲ್ಲಿ ಗಾಳಿಯ ಜೊತೆ ಮರಳು ಬಿಟ್ಟು, ರಭಸದಿಂದ ಹೊಡೆದು ಅದನ್ನು ನುಣುಪು ಮಾಡಬೇಕು. ಹೊಡೆದ ಮರಳು ಹಿಟ್ಟಾಗಿ ಶೆಡ್ಡಿನ ತುಂಬ ನಿಲ್ಲುತ್ತದೆ. ಬೆಲ್ಲ ತಿಂದರೆ ಆ ಧೂಳೆಲ್ಲ ಅದಕ್ಕೆ ಅಂಟಿಕೊಂಡು ಹೊಟ್ಟೆಗಿಳಿದು ಮಾರನೆಯ ದಿನ ಹೊರಗೆ ಹೋಗುತ್ತದೆ ಎಂದು ಸೂಪರ್‌ವೈಸರ್ ಹೇಳಿದ್ದ. ಅವನಿಗೆ ಅವನಿಗಿಂತ ಮೊದಲಿದ್ದವನು ಹೇಳಿದ್ದನಂತೆ. ಮೂಗಿಗೆ ತುಪ್ಪ ಸವರುವುದು ಎಂದು ಕೇಳಿದ್ದೇವಲ್ಲ, ಇವರು ತುಪ್ಪದ ಖರ್ಚನ್ನೂ ಉಳಿಸಿ ಬೆಲ್ಲದಲ್ಲೇ ಮುಗಿಸಿದ್ದರು. ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆಯನ್ನು ಕೆಲಸಗಾರರೇ ಮನೆಯಿಂದ ತರಬೇಕಿತ್ತು.

ಅಣ್ಣ ಆ ಬೆಲ್ಲ ತಿನ್ನುತ್ತಿರಲಿಲ್ಲ. ಪೇಪರಿನ ಚೂರಿನಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿಟ್ಟು, ಮನೆಗೆ ತಂದು ನನಗೆ ಕೊಡುತ್ತಿದ್ದ. ನಾವಿಬ್ಬರೂ ಓಡುತ್ತಿದ್ದೆವು. ದೂರ ಓಡುವವರಿಗೆ ಬೆಲ್ಲ ಒಳ್ಳೆಯದು.

ಆಗ ನಾವು ರಾಜಗೋಪಾಲನಗರದಲ್ಲಿ ಒಂದೇ ರೂಮಿನ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಮೊದಲೇ ತೀರಿಕೊಂಡಿದ್ದ. ಅವ್ವ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿಗಳ ಹೆಚ್ಚಿನ ದಾರ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಹಾವೇರಿ ಕಡೆಯಿಂದ ಬಂದು ಅಷ್ಟು ವರ್ಷವಾದರೂ ಅವಳ ಮಾತು ಬದಲಾಗಿರಲಿಲ್ಲ. ನಾನೂ ಅಣ್ಣನೂ ಬೆಂಗಳೂರಿನ ಮಾತು ಕಲಿತು ಅವಳನ್ನು ಅಣಕಿಸುತ್ತಿದ್ದೆವು.

ಅಣ್ಣ ಹೈಸ್ಕೂಲಿನಲ್ಲೇ ದೂರದ ಓಟದವನು. ಚೆನ್ನಾಗಿ ಓಡಿದರೆ ಸರ್ಕಾರಿ ಕಾರ್ಖಾನೆಗಳಲ್ಲಿ ಸ್ಪೋರ್ಟ್ಸ್ ಕೋಟಾದ ಕೆಲಸ ಸಿಗುತ್ತದೆ ಎಂದು ಪಿ.ಟಿ. ಮೇಷ್ಟ್ರು ಆಸೆ ಹುಟ್ಟಿಸಿದ್ದರು. ಅವನು ಚೆನ್ನಾಗಿ ಓಡುವ ಹೊತ್ತಿಗೆ ಆ ಕಾರ್ಖಾನೆಗಳೇ ಕುಂಟುತ್ತಿದ್ದವು. ಕೋಟಾ ಹೋಯಿತು, ಓಟ ಉಳಿಯಿತು. ಒಬ್ಬನೇ ಓಡಿದರೆ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ ಎಂದು ನನ್ನನ್ನೂ ಎಬ್ಬಿಸತೊಡಗಿದ. ನಾನು ಪಿಯುಸಿ ಓದುತ್ತಿದ್ದೆ. ಮೊದಲ ದಿನ ಅಣ್ಣನಿಗಿಂತ ನಾಯಿಗಳೇ ನನ್ನನ್ನು ಹೆಚ್ಚು ಓಡಿಸಿದವು.

ಭಾನುವಾರ ಬೆಳಿಗ್ಗೆ ಪೀಣ್ಯ ಸುಮ್ಮನಿರುತ್ತಿತ್ತು. ಮೆಷಿನ್ನುಗಳ ಸದ್ದಿಲ್ಲ, ಲಾರಿಗಳು ರಸ್ತೆಯ ಪಕ್ಕ ನಿದ್ದೆ ಮಾಡುತ್ತಿದ್ದವು, ಮೋರಿಯ ನೀರು ಮಾತ್ರ ಹಿಂದಿನ ದಿನದ ಬಣ್ಣದಲ್ಲಿ ಹರಿಯುತ್ತಿತ್ತು. ಒಂದೊಂದು ತಿರುವಿನಲ್ಲಿ ಒಂದೊಂದು ವಾಸನೆ. ಆಸಿಡ್ ವಾಸನೆಯ ರಸ್ತೆ ಬಂದಾಗ ಅಣ್ಣ, "ಉಸಿರು ಹಿಡ್ಕೊಳೇ, ಫ್ರೀಯಾಗಿ ಟ್ರೈನಿಂಗ್" ಎನ್ನುತ್ತಿದ್ದ. ನಗುತ್ತಲೇ ಉಸಿರು ಹಿಡಿದು ಓಡುತ್ತಿದ್ದೆವು.

ಅವನು ಯಾವಾಗಲೂ ನನ್ನ ಬಲಕ್ಕೆ, ಗಾಡಿಗಳು ಬರುವ ಕಡೆ, ಅರ್ಧ ಹೆಜ್ಜೆ ಹಿಂದೆ ಓಡುತ್ತಿದ್ದ. ಆದ್ದರಿಂದ ಓಡುವಾಗ ಅವನ ಮುಖ ನನಗೆ ಕಾಣುತ್ತಿರಲಿಲ್ಲ, ಉಸಿರು ಕೇಳುತ್ತಿತ್ತು. ನಾನು ವಾಚು ಕಟ್ಟಿದವಳಲ್ಲ. ಅವನ ಉಸಿರಿಗೆ ನನ್ನ ಹೆಜ್ಜೆ ಸೇರಿಸಿಕೊಂಡರೆ ಎಷ್ಟು ದೂರವಾದರೂ ಹೋಗಬಹುದು ಎಂಬ ಧೈರ್ಯ.

ಮನೆಯಲ್ಲಿ ಒಂದು ಪದದ ಜಗಳವಿತ್ತು. ದಮ್ಮು. ಪಿ.ಟಿ. ಮೇಷ್ಟ್ರ ಬಾಯಲ್ಲಿ ಅದು ಹೊಗಳಿಕೆ, ಹುಡುಗನಿಗೆ ದಮ್ಮಿದೆ ಎಂದರೆ ತಾಕತ್ತಿದೆ ಎಂದು. ಅವ್ವನ ಬಾಯಲ್ಲಿ ಅದು ಉಬ್ಬಸದ ಕಾಯಿಲೆ. ಅವಳ ಅಪ್ಪ ದಮ್ಮಿನಿಂದ ಸತ್ತಿದ್ದ. ಅಜ್ಜನಿಗೆ ದಮ್ಮು ಜಾಸ್ತಿಯಾಗಿ ಸತ್ತಿರಬೇಕು ಎಂದು ಚಿಕ್ಕವಳಿದ್ದಾಗ ನಾನು ಅಂದುಕೊಂಡಿದ್ದೆ. ಅಣ್ಣ ಇದನ್ನೇ ಹಿಡಿದು ವರ್ಷಗಟ್ಟಲೆ ಗೇಲಿ ಮಾಡಿದ. ನಾವು ಬೆವರು ಸುರಿಸುತ್ತ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೇಳುತ್ತಿದ್ದಳು:

"ಯಾಕ ಹಿಂಗ ಓಡತೀರಿ? ಯಾರರ ಬೆನ್ನು ಹತ್ಯಾರೇನು?"

"ದಮ್ಮು ಬರ್ಲಿ ಅಂತ ಅವ್ವ" ಎನ್ನುತ್ತಿದ್ದ ಅಣ್ಣ.

"ಬಿಡ್ತು ಅನ್ನು. ಮುಂಜಮುಂಜಾನೆ ಎಂಥಾ ಮಾತು ಆಡ್ತಿಯೋ."

ಊರಿನಲ್ಲಿ ಓಟದ ಹುಚ್ಚು ಹತ್ತಿದ್ದು ಆ ವರ್ಷಗಳಲ್ಲೇ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಕಂಪ್ಯೂಟರ್ ಕಂಪನಿಗಳವರು ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಓಟ ಇಡುತ್ತಿದ್ದರು. ನಾವು ಊರಿನ ಈ ತುದಿಯಿಂದ ಆ ತುದಿಗೆ ಮೊದಲ ಬಸ್ಸು ಹಿಡಿದು ಹೋಗುತ್ತಿದ್ದೆವು. ಮೊದಲ ಸಲ ಹಾಫ್ ಮ್ಯಾರಥಾನ್ ಓಡಿದ್ದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅಷ್ಟು ಗುಡಿಸಿ ಒರೆಸಿದ ರಸ್ತೆಯ ಮೇಲೆ ಅದುವರೆಗೆ ನನ್ನ ಕಾಲು ಬಿದ್ದಿರಲಿಲ್ಲ. ಸುತ್ತಲಿನವರ ಸೊಂಟಕ್ಕೆ ಪುಟ್ಟ ಪುಟ್ಟ ನೀರಿನ ಬಾಟಲಿಗಳು, ಕೈಯಲ್ಲಿ ಹಿಂಡಿ ತಿನ್ನುವ ಸಿಹಿ ಲೇಹ್ಯದ ಪೊಟ್ಟಣ. ಸಾಲಿನಲ್ಲಿ ನಿಂತಿದ್ದಾಗ ಅಣ್ಣ ಜೇಬಿನಿಂದ ಬೆಲ್ಲ ತೆಗೆದು ಕೊಟ್ಟ. ಪಕ್ಕದಲ್ಲಿದ್ದ ಹುಡುಗಿ ಬಗ್ಗಿ ನೋಡಿ, "ಆರ್ಗ್ಯಾನಿಕ್ ಬೆಲ್ಲನಾ ಇದು?" ಎಂದಳು.

"ಫ್ಯಾಕ್ಟ್ರಿದು ಮೇಡಂ" ಎಂದ ಅಣ್ಣ.

"ಓ, ನೈಸ್" ಎಂದಳು. ಪಾಪ, ಬೆಲ್ಲದ ಫ್ಯಾಕ್ಟರಿ ಎಂದುಕೊಂಡಿರಬೇಕು.

ಆ ದಿನ ಕೊನೆಯ ಫ್ಲೈಓವರ್ ಹತ್ತುವಾಗ ನನ್ನ ಕಾಲು ಕೈಕೊಟ್ಟಿತು. ಅಣ್ಣ ನಿಂತ. ಮತ್ತೊಂದು ಚೂರು ಬೆಲ್ಲ ನನ್ನ ಕೈಗಿಟ್ಟು, ನಾನು ಅಗಿದು ನುಂಗುವವರೆಗೂ ನೋಡುತ್ತ ನಿಂತು, "ನಡೀ" ಎಂದ. ಅವನೊಬ್ಬನೇ ಆಗಿದ್ದರೆ ಎಷ್ಟೋ ಮುಂದೆ ಬರುತ್ತಿದ್ದ. ಇಬ್ಬರೂ ಒಟ್ಟಿಗೇ ಗೆರೆ ದಾಟಿದೆವು. ವಾಪಸು ಬರುವಾಗ ಬಸ್ಸಿನಲ್ಲಿ, ಒಂದು ಸಲ ಫುಲ್ ಮ್ಯಾರಥಾನ್ ಓಡೋಣ, ಮೊದಲಿಂದ ಕೊನೆಯವರೆಗೂ ಜೊತೆಯಲ್ಲೇ, ಎಂದು ಮಾತಾಡಿಕೊಂಡೆವು. ಅದನ್ನು ಓಡಲೇ ಇಲ್ಲ.

ಅವನ ಕಾಯಿಲೆ ಮೊದಲು ಗೊತ್ತಾದದ್ದು ನನ್ನ ಕಿವಿಗೆ. ಒಂದು ಭಾನುವಾರ ನನ್ನ ಹೆಜ್ಜೆ ತಪ್ಪತೊಡಗಿತು. ಕಾಲಿನ ದೋಷ ಎಂದುಕೊಂಡೆ. ಆಮೇಲೆ ತಿಳಿಯಿತು, ತಪ್ಪುತ್ತಿದ್ದದ್ದು ಅವನ ಉಸಿರು. ಎಳೆದುಕೊಳ್ಳುವುದು ಗಿಡ್ಡ, ಬಿಡುವುದು ಉದ್ದ, ಕೊನೆಯಲ್ಲೊಂದು ಸಣ್ಣ ಸೀಟಿ. ನಿಂತು ಕೇಳಿದರೆ, "ಪ್ರಾಕ್ಟೀಸ್ ಸಾಲ್ತಿಲ್ಲ ಕಣೇ, ದಮ್ಮು ಕಮ್ಮಿಯಾಗಿದೆ" ಎಂದ.

ಓಡುವವನಿಗೆ ಉಸಿರು ಸಾಲದಿದ್ದರೆ ಹೊಳೆಯುವುದು ಒಂದೇ ಔಷಧ, ಇನ್ನಷ್ಟು ಓಡುವುದು. ಭಾನುವಾರದ ಜೊತೆಗೆ ಬುಧವಾರವೂ ಓಡಿದ. ಕಾಲಿಗೆ ಬಲ ಬರಲಿ ಎಂದು ಎದುರು ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಇಳಿದ. ಬೀಡಿ ಸಿಗರೇಟು ಮುಟ್ಟಿದವನಲ್ಲ, ಬಿಡಲು ಅದೂ ಇರಲಿಲ್ಲ. ಕೆಮ್ಮು ಶುರುವಾದಾಗ ಅವ್ವ ಮೆಣಸಿನ ಕಷಾಯ ಮಾಡಿದಳು. ಅಂಗಿ ಸಡಿಲವಾದಾಗ ಅಣ್ಣ, ಈಗ ನೋಡು ಓಟಗಾರನ ಮೈ, ಎಂದು ತೋಳು ತೋರಿಸಿದ. ನನಗೂ ಹೆಮ್ಮೆಯೇ ಆಯಿತು.

ಹತ್ತಿರದ ಡಾಕ್ಟರು ಎಕ್ಸ್‌ರೇ ನೋಡಿ ಟಿಬಿ ಎಂದರು. ತಿಂಗಳುಗಟ್ಟಲೆ ಮಾತ್ರೆ ನುಂಗಿದ. ಓಟ ನಿಂತಿತು, ಆದರೆ ಶೆಡ್ಡಿಗೆ ಹೋಗುವುದು ನಿಲ್ಲಲಿಲ್ಲ. ಅಲ್ಲಿ ಏನು ಕೆಲಸ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದು ಆಮೇಲೆ ಹೋದ ದೊಡ್ಡಾಸ್ಪತ್ರೆಯ ಡಾಕ್ಟರು. ಅಣ್ಣ ಹೇಳಿದ. ಅವರು ಪೆನ್ನು ಕೆಳಗಿಟ್ಟರು. ಮರಳಿನ ಪುಡಿ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡಿದೆ, ತೆಗೆಯಲು ಆಗುವುದಿಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಬೇಕಾದರೆ ಇವತ್ತೇ ಆ ಕೆಲಸ ಬಿಡಬೇಕು ಎಂದರು.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. "ಬೆಲ್ಲ ತಿಂದಿದ್ರೆ ಹೋಗ್ತಿತ್ತಾ ಸಾರ್?" ಎಂದು ಕೇಳಿಬಿಟ್ಟೆ. ಅವನ ಪಾಲಿನ ಬೆಲ್ಲವನ್ನೆಲ್ಲ ತಿಂದವಳು ನಾನು.

ಅವರು ನಗಲಿಲ್ಲ. "ಅನ್ನದ ದಾರಿ ಬೇರೆ, ಉಸಿರಿನ ದಾರಿ ಬೇರೆ ಅಮ್ಮ. ಬೆಲ್ಲ ಅಲ್ಲಿಗೆ ಹೋಗೋದೇ ಇಲ್ಲ" ಎಂದರು.

ಒಂದು ಕ್ಷಣ ಹಗುರವಾಯಿತು. ಅದರ ಹಿಂದೆಯೇ ಎಂಥ ಸಿಟ್ಟು ಬಂತೆಂದರೆ, ಅಂಥ ಸಿಟ್ಟು ನನ್ನ ಜನ್ಮದಲ್ಲಿ ಮತ್ತೆ ಬಂದಿಲ್ಲ. ದಿನಾ ಸಂಜೆ ಲೆಕ್ಕ ತಪ್ಪದೆ ಹಂಚುತ್ತಿದ್ದರಲ್ಲ, ಅವರಲ್ಲಿ ಒಬ್ಬರಿಗಾದರೂ ಇಷ್ಟು ಗೊತ್ತಿರಲಿಲ್ಲವೇ? ಗೊತ್ತಿತ್ತೇ? ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಆ ದಿನ ಮನೆಗೆ ಬಂದು ಡಬ್ಬಿಯಲ್ಲಿದ್ದ ಬೆಲ್ಲವನ್ನು ಮೋರಿಗೆ ಸುರಿದೆ.

ಅಣ್ಣ ಶೆಡ್ಡು ಬಿಟ್ಟೆ ಎಂದ. ಅದೇ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಕೆಲಸ ಕೊಟ್ಟಿದ್ದಾರೆ, ಕುರ್ಚಿ ಇದೆ, ಗಾಳಿ ಇದೆ ಎಂದ. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಅಷ್ಟರಲ್ಲಿ ಒಂದು ಔಷಧಿ ಕಂಪನಿಯ ಪ್ಯಾಕಿಂಗ್‌ನಲ್ಲಿ ಸೇರಿದ್ದೆ, ಬೆಳಿಗ್ಗೆ ಬೇಗ ಹೋಗುತ್ತಿದ್ದೆ. ಅವನ ಗೇಟಿನ ಕಡೆ ಹೋದವಳಲ್ಲ.

ಅವನು ತೀರಿಕೊಂಡದ್ದು ಆಮೇಲೆ ಬಂದ ದೀಪಾವಳಿಗೆ ಒಂದು ವಾರ ಮುಂಚೆ. ಆ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ನನ್ನ ಕಣ್ಣ ಮುಂದೆ ನಿಲ್ಲುವುದು ಅದಕ್ಕೂ ಕೆಲವು ತಿಂಗಳ ಮುಂಚೆ ಆಸ್ಪತ್ರೆಯ ಉದ್ದ ಕಾರಿಡಾರಿನಲ್ಲಿ ನಾವಿಬ್ಬರೂ ಜೊತೆಯಾಗಿ ಹೋದ ಕೊನೆಯ ಓಟ. ಓಟ ಎಂದವನು ಅಣ್ಣನೇ.

ಶ್ವಾಸಕೋಶ ಎಷ್ಟು ಉಳಿದಿದೆ ಎಂದು ನೋಡಲು ಆರು ನಿಮಿಷ ನಡೆಸುತ್ತಾರೆ. ಆ ತುದಿಯಲ್ಲೊಂದು ಈ ತುದಿಯಲ್ಲೊಂದು ಪ್ಲಾಸ್ಟಿಕ್ ಸ್ಟೂಲು, ನಡುವೆ ಹೋಗಿ ಬರಬೇಕು. ಪರೀಕ್ಷೆ ಮಾಡುವ ಹುಡುಗಿ ಅಣ್ಣನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, "ಎಷ್ಟಾಗುತ್ತೋ ಅಷ್ಟು ನಡೀರಿ ಸಾರ್. ಸುಸ್ತಾದ್ರೆ ನಿಂತ್ಕೊಳ್ಳಿ, ಆದ್ರೆ ನಾನು ವಾಚ್ ನಿಲ್ಸಲ್ಲ" ಎಂದಳು. ನನ್ನ ಕಡೆ ತಿರುಗಿ, "ನೀವು ಮುಂದೆ ಹೋಗ್ಬೇಡಿ, ಅವ್ರು ನಿಮ್ ಸ್ಪೀಡಿಗೆ ಬರೋಕೆ ನೋಡ್ತಾರೆ. ಸ್ವಲ್ಪ ಹಿಂದೇನೇ ಇರಿ" ಎಂದಳು.

ಅಣ್ಣ ನನ್ನ ಕಡೆ ನೋಡಿ ಕಣ್ಣು ಹೊಡೆದ. "ಕೊನೆಗೂ ನಾನು ಮುಂದೆ" ಎಂದ.

ನಡೆದ. ಅವನ ಬಲಕ್ಕೆ ಅರ್ಧ ಹೆಜ್ಜೆ ಹಿಂದೆ ನಾನು. ಅಂಗಿಯೊಳಗೆ ಬೆನ್ನಿನ ಮೂಳೆಗಳು ಏಳುವುದೂ ಬೀಳುವುದೂ ಕಾಣುತ್ತಿತ್ತು. ಮೊದಲ ಸಲ ಸ್ಟೂಲು ಸುತ್ತುವಾಗ ಓಟಗಾರರ ಹಾಗೆ ಒಳಗಿನಿಂದ ತಿರುಗಿದ, ಒಂದು ಹೆಜ್ಜೆ ಉಳಿಸಿದ. ಎರಡನೇ ಸಲ ಅರ್ಧ ದಾರಿಯಲ್ಲೇ ಗೋಡೆಗೆ ಕೈ ಕೊಟ್ಟು ನಿಂತ. ತಲೆ ಬಗ್ಗಿಸಿ, ಬಾಯಿ ತೆರೆದು ಎಳೆಯುತ್ತಿದ್ದ. ಆ ಸದ್ದಿಗೆ ಎಂಥ ಹೆಜ್ಜೆಯನ್ನೂ ಸೇರಿಸಲು ಬರುವುದಿಲ್ಲ. ನನ್ನ ಕಣ್ಣು ತುಂಬಿದ್ದನ್ನು ನೋಡಿದನೇನೋ. ದಾರಿಯಲ್ಲಿ ನಿಂತರೆ ಮಾಡುತ್ತಿದ್ದ ಅದೇ ಅಭ್ಯಾಸ, ಕೈ ತಾನಾಗಿ ಜೇಬಿಗೆ ಹೋಯಿತು. ಪೇಪರಿನ ಚೂರಿನಲ್ಲಿ ಸುತ್ತಿದ ಒಂದು ಉಂಡೆಯನ್ನು ತೆಗೆದು ನನಗೆ ಚಾಚಿದ.

ಬೆಲ್ಲ. ಗೇಟಿನ ವಾಚ್‌ಮನ್‌ಗೆ ಬೆಲ್ಲ ಕೊಡುವುದಿಲ್ಲ.

ಚಾಚಿದ ಮೇಲೆ ಅವನಿಗೂ ಹೊಳೆಯಿತು. ಕೈ ಹಾಗೇ ನಿಂತಿತು. "ವಾಚ್‌ಮನ್ ಅಂದ್ರೆ... ರೌಂಡ್ ಹೊಡೀಬೇಕು ಕಣೇ" ಎಂದ, ಒಂದೊಂದೇ ಪದ. "ಆಗ್ಲಿಲ್ಲ. ಇದು ಕೂತ್ಕೊಂಡು ಮಾಡೋದು. ಮರಳು... ಜರಡಿ ಹಿಡಿಯೋದಷ್ಟೇ."

"ಎಷ್ಟು ದಿನದಿಂದ?"

ಬೆರಳಿನ ಕ್ಲಿಪ್ಪು ಸರಿ ಮಾಡಿಕೊಂಡ. ನನಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಅಪ್ಪಿಕೊಳ್ಳಬೇಕು ಎಂದೂ ಎನ್ನಿಸಿತು. ಎರಡೂ ಮಾಡದೆ ಬೆಲ್ಲವನ್ನು ಅವನ ಕೈಯಿಂದ ತೆಗೆದುಕೊಂಡು ಅವನ ಮುಖದ ಮುಂದೆ ಹಿಡಿದೆ. "ನಿನ್ನ ಪಾಲಿಂದು. ನೀನೇ ತಿನ್ನು."

ನನ್ನ ಮಾತಿಗೆ ಎದುರಾಡದೆ ಬಾಯಿಗೆ ಹಾಕಿಕೊಂಡ. ತುಟಿ ಮುಚ್ಚಿದ್ದೇ ತಡ, ಕಣ್ಣು ಅಗಲವಾಯಿತು, ಕುತ್ತಿಗೆಯ ನರ ಉಬ್ಬಿತು. ಬಾಯಿ ಮುಚ್ಚಿದರೆ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಅಂಗೈಗೆ ಉಗುಳಿಕೊಂಡು ಗೋಡೆಗೆ ಒರಗಿದ. ಸ್ವಲ್ಪ ಹೊತ್ತಾದ ಮೇಲೆ ಆ ಉಂಡೆಯನ್ನು ತನ್ನ ಅಂಗಿಯ ತುದಿಗೆ ಒರೆಸಿ ಮತ್ತೆ ನನ್ನ ಕಡೆ ಚಾಚಿದ.

"ಟೈಮಿದೆ ಸಾರ್, ನಡೀತೀರಾ?" ಎಂದಳು ಹುಡುಗಿ.

ಅವನು ಹೊರಡಲಿಲ್ಲ. ನಾನು ತಿನ್ನಲಿ ಎಂದು ನೋಡುತ್ತ ನಿಂತಿದ್ದ. ಬಾಯಿಗೆ ಹಾಕಿಕೊಂಡೆ, ಅಗಿದು ನುಂಗಿದೆ. ಆಮೇಲೆ ಅವನು ಗೋಡೆಯಿಂದ ಕೈ ತೆಗೆದು, "ನಡೀ" ಎಂದ.