ಪಾಲು ಮಾಡಿ ಕುಡಿದ ಪುಡಿ

ಅರ್ಧ ಲೋಟ ನೀರಿಗೆ ಪುಡಿ ಸುರಿದು ಚಮಚೆ ಆಡಿಸಿದೆ. ಕಿತ್ತಳೆಯ ವಾಸನೆ ಅಡುಗೆಮನೆಗೆಲ್ಲ ಹರಡಿತು. ಉರಿಮೂತ್ರಕ್ಕೆ ಈ ಒಂದೇ ಡೋಸಿನ ಆ್ಯಂಟಿಬಯಾಟಿಕ್ಕನ್ನು ಎಷ್ಟೋ ಹೆಂಗಸರಿಗೆ ಬರೆದುಕೊಟ್ಟ ಡಾಕ್ಟರು ನಾನು; ಕುಡಿಯುವ ಸರದಿ ಬಂದದ್ದು ಮಾತ್ರ ಇವತ್ತು. ನೆಹರು ನಗರದ ಎಳೆಯ ಡಾಕ್ಟರಮ್ಮ "ನೀರ ಛಲೋತ್ನಾಗಿ ಕುಡೀಬೇಕ್ರಿ ಮೇಡಂ" ಎಂದು ನನಗೇ ಬುದ್ಧಿ ಹೇಳಿದಳು. ಊರಿಗೆಲ್ಲ ಅದನ್ನೇ ಹೇಳಿಕೊಂಡು ಬಂದವಳು ಚೀಟಿ ಹಿಡಿದು ಎದ್ದುಬಂದೆ.

ಖಾನಾಪುರದಲ್ಲಿ ನನ್ನ ದವಾಖಾನೆ ಇದ್ದಾಗ ಬೆಳಗಾವಿಯ ಅನಗೋಳದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಉರಿಮೂತ್ರವೆಂದು ಬಂದ ಹೆಂಗಸರಿಗೆ ಐದು ದಿನದ ಗುಳಿಗೆ ಬರೆದರೆ ಎರಡೇ ದಿನಕ್ಕೆ ಉರಿ ಇಳಿಯುತ್ತಿತ್ತು. ಉಳಿದವು ಮುಂದಿನ ಸಲಕ್ಕೆಂದು ಅವರ ಮನೆಯ ಅರಿಶಿನದ ಡಬ್ಬಿಯ ಪಕ್ಕ ಸೇರುತ್ತಿದ್ದವು. ಹಾಗಾಗಿ, ಜ್ವರ, ಬೆನ್ನುನೋವು ಇಲ್ಲದ ಸಾದಾ ಸೋಂಕಿಗೆ ಈ ಪುಡಿ ಬರೆಯತೊಡಗಿದಾಗ ಗೆದ್ದೆ ಎಂದುಕೊಂಡೆ. ಒಂದೇ ಸಲ ಕುಡಿಯುವುದರಲ್ಲಿ ಉಳಿಸಲು ಏನಿದೆ?

ಕಣಕುಂಬಿಯ ಶಾಂತವ್ವ ಅದಕ್ಕೂ ಒಂದು ಉಪಾಯ ಹುಡುಕಿದಳು. ಪುಡಿ ಒಯ್ದ ವಾರಕ್ಕೆ ಮತ್ತೆ ಬಂದವಳು ಕೂಡುವ ಮೊದಲೇ ಶುರುಮಾಡಿದಳು. "ಖರೇ ಹೇಳ್ತೀನ್ರಿ, ನಿಮ್ಮ ಔಷಧದಿಂದ ಏನೂ ಉಪಯೋಗ ಆಗಿಲ್ಲ. ಉರಿ ಹಂಗ ಐತಿ."

"ಪೂರಾ ಕುಡದ್ಯೋ ಇಲ್ಲೋ?"

"ಅರ್ಧಾ ಕುಡದ್ನಿ. ಇನ್ನರ್ಧಾ ನೆಗೆಣ್ಣಿಗೆ ಕೊಟ್ನಿ."

ಮೈದುನನ ಹೆಂಡತಿ ಗಂಗವ್ವನಿಗೂ ಇವಳಿಗೂ ಆ ಮನೆಯಲ್ಲಿ ಎಲ್ಲವೂ ಸಮಪಾಲು. ಒಂದೇ ಹೋಳಿಗೆ ಉಳಿದರೂ ಮುರಿದು ಎರಡು ಮಾಡುವವರು. ಪುಡಿಯನ್ನೂ ತಟ್ಟೆಯ ಮೇಲೆ ಸುರಿದು, ಬೆರಳಿನಿಂದ ನಡುವೆ ಗೆರೆ ಎಳೆದು ಹಂಚಿಕೊಂಡಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಔಷಧವೇನು ಹೋಳಿಗೆಯೇ ಎಂದು ಕೂಗಾಡಿದೆ.

ಶಾಂತವ್ವ ತಲೆ ತಗ್ಗಿಸಲಿಲ್ಲ. "ಬಯ್ಯೂದಿದ್ರ ಬಯ್ರಿ. ಆಕಿಗೆ ಉರಿ ಸುರು ಆಗಿ ತಿಂಗಳಾತು. ನಾಚಿಕಿಗೆ ಯಾರ ಮುಂದೂ ಹೇಳಾಕ ಒಲ್ಲಳು. ನಿನ್ನಿಯಿಂದ ಚಳಿಜ್ವರ. ಹೊರಗ ಬೆಂಚಿನ ಮ್ಯಾಲ ಕುಂದರಿಸೀನಿ. ನೀವು ಒದರಿದ್ದು ಕೇಳಿ ಎದ್ದು ಹೋಗ್ಯಾಳೋ ಏನೋ."

ನಾನು ಹೊರಗೆ ಓಡಿದೆ. ಗಂಗವ್ವ ಇದ್ದಳು, ಸೆರಗು ಬಾಯಿಗಿಟ್ಟು ನಡುಗುತ್ತ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಅದಕ್ಕೆ ಇಡೀ ಪುಡಿಯೂ ಸಾಲದು. ಅವತ್ತೇ ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದೆ. ಬದುಕಿಕೊಂಡಳು. ಶಾಂತವ್ವನಿಗೂ ಮೂತ್ರ ಪರೀಕ್ಷೆ ಮಾಡಿಸಿ ಬೇರೆ ಔಷಧ ಕೊಟ್ಟೆ. ನನ್ನ ಕೂಗಾಟಕ್ಕೆ ಹೆದರಿ ಗಂಗವ್ವ ಎದ್ದುಹೋಗಿದ್ದರೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಂದಿನಿಂದ ಚೀಟಿ ಕೊಡುವಾಗ ದನಿ ತಗ್ಗಿಸಿ ಒಂದು ಮಾತು ಕೇಳುತ್ತಿದ್ದೆ: "ಮನ್ಯಾಗ ಮತ್ಯಾರಿಗರೆ ಉರಿ ಐತೇನು?" ಎಷ್ಟೋ ಗಂಗವ್ವಂದಿರು ಅದರಿಂದ ಸಿಕ್ಕರು.

ಲೋಟ ತುಟಿಗಿಟ್ಟೆ. ನನ್ನ ಜೊತೆಗೇ ಇರುವ ತಂಗಿ ಸುಮಂಗಲಾ ಒಲೆಯ ಮುಂದೆ ಜೀರಿಗೆ ನೀರು ಕುದಿಸುತ್ತಿದ್ದಳು. ಉರಿಮೂತ್ರದ ಈ ಮನೆಮದ್ದನ್ನು ಮೂರು ದಿನದಿಂದ ಕುದಿಸಿ ತಾನೂ ಕುಡಿಯುತ್ತಲೇ ಇದ್ದಾಳೆ. ಊರವರನ್ನೆಲ್ಲ ಕೇಳಿದ ಮಾತನ್ನು ಮನೆಯಲ್ಲಿ ಕೇಳಲು ಮರೆತಿದ್ದೆ ನೋಡಿ.

"ಸುಮಿ, ನಿನಗೂ ಉರಿ ಐತೇನು?"

ಅವಳು ಒಲೆ ಸಣ್ಣ ಮಾಡಿದಳು. "ಭಾಳ ಏನಿಲ್ಲ ಬಿಡಕ್ಕಾ." ಆಮೇಲೆ ಮೆಲ್ಲಗೆ, "ಅದರಾಗಿಂದ ಎರಡು ಗುಟುಕು ಕೊಟ್ಟರ ಸಾಕು" ಎಂದಳು.

ಒಂದು ಹನಿ ಬಿಡದೆ ನಾನೇ ಕುಡಿದು ಲೋಟ ಕವುಚಿ ತೋರಿಸಿದೆ.

"ಚಪ್ಪಲಿ ಹಾಕ್ಕೋ. ಡಾಕ್ಟರ ಕಡೆ ಹೋಗೂಣು ನಡಿ."